ಬೇಳೆ ಯಾಕೆ ಬೇಯಲಿಲ್ಲ?

ದಸರಾ ರಜೆ ಮುಗಿದು ಶಾಲೆಯ ಬಾಗಿಲು ತೆರೆಯಿತೆಂದರೆ ನಮ್ಮಂಥ ವಿಜ್ಞಾನದ ಮೇಷ್ಟ್ರುಗಳ ಮನೆಗೆ ಬಂದು ಹೋಗುವವರು ಜಾಸ್ತಿಯಾಗುತ್ತಾರೆ. ಅದು ವಿಜ್ಞಾನ ಮೇಳಗಳ ಕಾಲ. ಮೊನ್ನೆ ಭಾನುವಾರ ಬೆಳಿಗ್ಗೆ ಪೇಪರ್ ಓದುತ್ತ ಕುಳಿತಿದ್ದೆ. ಪರಿಚಯದವರೊಬ್ಬರು ಬಂದರು. ಜೊತೆಯಲ್ಲಿ ಆರನೇ ತರಗತಿ ಓದುವ ಮಗ. ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ವಿಷಯಕ್ಕೆ ಬಂದರು.

“ಮೇಷ್ಟ್ರೇ, ಇವನಿಗೆ ಒಂದು ಪ್ರಾಜೆಕ್ಟ್ ಹೇಳಿ. ಬಹುಮಾನ ಬರಲೇಬೇಕು, ಅಂಥದ್ದು. ಖರ್ಚಿನ ಯೋಚನೆ ಬೇಡ. ಮಾಡೋದನ್ನ ನಾನು ನೋಡ್ಕೋತೀನಿ.”

ಆ ಕೊನೆಯ ಮಾತು ನನ್ನನ್ನು ಚುಚ್ಚಿತು. ಹುಡುಗ ನಮ್ಮಿಬ್ಬರ ಮಾತಿಗೆ ಕಿವಿಗೊಟ್ಟಿರಲಿಲ್ಲ. ಕಿಟಕಿಯ ಹತ್ತಿರ ನಿಂತು ಗಾಜಿನ ಮೇಲೆ ಉಸಿರು ಬಿಡುವುದು, ಮಂಜಾದ ಜಾಗದಲ್ಲಿ ಬೆರಳಿನಿಂದ ಏನೋ ಗೀಚುವುದು, ಅದು ಮಾಯವಾಗುವುದನ್ನು ನೋಡುವುದು, ಮತ್ತೆ ಉಸಿರು ಬಿಡುವುದು. ಇದೇ ಅವನ ಕೆಲಸ. ಆ ಹುಡುಗನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಯಾಕೆಂದರೆ ಆ ತಂದೆ ಆಡಿದ ಮಾತನ್ನು ಒಂದು ಕಾಲದಲ್ಲಿ ನಾನೂ ಆಡಿದ್ದೆ.

ಎರಡು ಸೆಲ್ಲುಗಳ ಕಥೆ

1998ರ ಮಾತು. ನಾನು ಕೆಲಸಕ್ಕೆ ಸೇರಿ ಮೂರೋ ನಾಲ್ಕೋ ವರ್ಷವಾಗಿತ್ತು. ನಮ್ಮ ಶಾಲೆಗೆ ಒಂದು ಬಹುಮಾನ ತರಲೇಬೇಕೆಂಬ ಹುರುಪು. ಏಳನೇ ತರಗತಿಯ ಒಬ್ಬ ಹುಡುಗನನ್ನು ಆರಿಸಿಕೊಂಡು ಶಿವನಸಮುದ್ರದ ಜಲವಿದ್ಯುತ್ ಕೇಂದ್ರದ ಮಾದರಿ ಮಾಡಲು ಹೊರಟೆ. 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಿತ್ತು. ವಿಷಯವೇನೋ ಒಳ್ಳೆಯದೇ. ಥರ್ಮೋಕೋಲಿನ ಬೆಟ್ಟ, ಹಸಿರು ಬಣ್ಣ ಬಳಿದ ಮರದ ಪುಡಿಯ ಕಾಡು, ಮೇಲಿನ ಬಕೆಟ್ಟಿನಿಂದ ಕೊಳವೆಯಲ್ಲಿ ಬೀಳುವ ನೀರು, ತಗಡಿನ ಚಕ್ರ, ಅದಕ್ಕೆ ಜೋಡಿಸಿದ ಆಟಿಕೆಯ ಮೋಟಾರು, ಕೆಳಗಿನ ಊರಿನಲ್ಲಿ ಒಂದು ಪುಟ್ಟ ಬಲ್ಬು. ಬೆಟ್ಟ ಕೊರೆದವನು ನಾನು, ತಗಡು ಕತ್ತರಿಸಿದವನು ನಾನು, ಚಾರ್ಟ್ ಬರೆದವರು ನಮ್ಮ ಡ್ರಾಯಿಂಗ್ ಮೇಷ್ಟ್ರು. ಹುಡುಗ ಗೋಂದಿನ ಬಾಟಲಿ ಹಿಡಿದು ನಿಂತಿದ್ದ.

ಮೇಳದ ಹಿಂದಿನ ರಾತ್ರಿ ನೋಡಿದರೆ ಚಕ್ರ ತಿರುಗುತ್ತದೆ, ಬಲ್ಬು ಹತ್ತುವುದಿಲ್ಲ. ಏನು ಮಾಡಿದರೂ ಹತ್ತುವುದಿಲ್ಲ. ಗಂಟೆ ಹತ್ತಾಗಿತ್ತು. ನಾನು ಟಾರ್ಚಿನಿಂದ ಎರಡು ಸೆಲ್ಲು ತೆಗೆದು ಬೆಟ್ಟದ ಹೊಟ್ಟೆಯೊಳಗೆ ಬಚ್ಚಿಟ್ಟು ಬಲ್ಬಿಗೆ ತಂತಿ ಎಳೆದೆ. ಬಲ್ಬು ಜಗ್ಗನೆ ಹೊತ್ತಿಕೊಂಡಿತು. ತಾಲ್ಲೂಕಿಗೆ ಮೊದಲನೇ ಬಹುಮಾನವೂ ಬಂತು.

ಜಿಲ್ಲಾ ಮಟ್ಟದ ತೀರ್ಪುಗಾರರಲ್ಲಿ ವಯಸ್ಸಾದ ಒಬ್ಬ ಅಧ್ಯಾಪಕರಿದ್ದರು. “ಈ ದೀಪ ನೀರಿನಿಂದ ಉರೀತಾ ಇದೆಯೇನಪ್ಪಾ?” ಎಂದು ಕೇಳಿದರು. ಹುಡುಗ ನನ್ನ ಕಡೆ ನೋಡಿ “ಹೌದು ಸಾರ್” ಎಂದ. ಅವರು ಎರಡು ಬೆರಳಿನಲ್ಲಿ ಕೊಳವೆಯನ್ನು ಅದುಮಿ ಹಿಡಿದರು. ನೀರು ನಿಂತಿತು. ಚಕ್ರ ನಿಂತಿತು. ಬಲ್ಬು ಮಾತ್ರ ಉರಿಯುತ್ತಲೇ ಇತ್ತು. ಅವರು ಬೈಯಲಿಲ್ಲ, ನಗಲಿಲ್ಲ. ಹುಡುಗನ ಬೆನ್ನು ತಟ್ಟಿ ಮುಂದಿನ ಮೇಜಿಗೆ ಹೋದರು.

ಬಸ್ಸಿನಲ್ಲಿ ವಾಪಸು ಬರುವಾಗ ಬಹಳ ಹೊತ್ತು ಅವನು ಮಾತಾಡಲಿಲ್ಲ. ಊರು ಹತ್ತಿರ ಬಂದಾಗ ಕೇಳಿದ: “ಸಾರ್, ಸೆಲ್ ಇಟ್ಟಿದ್ದೀವಿ ಅಂತ ಹೇಳಿಬಿಡಬಹುದಿತ್ತಲ್ವಾ?”

ಇವತ್ತಿಗೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನಾನು ಆ ಮಗುವಿಗೆ ವಿಜ್ಞಾನ ಕಲಿಸಲಿಲ್ಲ, ಸುಳ್ಳು ಹೇಳುವುದನ್ನು ಕಲಿಸಿದೆ. ನನ್ನ ಬೇಳೆ ಅಲ್ಲಿ ಬೇಯಲಿಲ್ಲ. ಬೇಯದೆ ಹೋದದ್ದೇ ಒಳ್ಳೆಯದಾಯಿತು ಎಂದು ಈಗ ಅನಿಸುತ್ತದೆ. ಇನ್ನೂ ಒಂದು ಮಾತು ಆಮೇಲೆ ಹೊಳೆಯಿತು. ಬಲ್ಬು ಹತ್ತಲಿಲ್ಲವಲ್ಲ, ನಿಜವಾದ ಪ್ರಾಜೆಕ್ಟು ಅಲ್ಲೇ ಇತ್ತು. ಬಕೆಟ್ಟನ್ನು ಇನ್ನೂ ಎತ್ತರಕ್ಕೆ ಇಟ್ಟಿದ್ದರೆ? ಚಕ್ರದ ಎಲೆಗಳನ್ನು ಅಗಲ ಮಾಡಿದ್ದರೆ? ಒಂದು ನಿಮಿಷಕ್ಕೆ ಚಕ್ರ ಎಷ್ಟು ಸುತ್ತು ಬರುತ್ತದೆಂದು ಎಣಿಸಿ ಬರೆದಿದ್ದರೆ ಸಾಕಿತ್ತು. ನಾವು ವಿಜ್ಞಾನವನ್ನು ಎಸೆದು ಥರ್ಮೋಕೋಲನ್ನು ಉಳಿಸಿಕೊಂಡೆವು.

ಮಾದರಿ ಬೇರೆ, ಪ್ರಶ್ನೆ ಬೇರೆ

ಯಾವ ಮೇಳಕ್ಕೆ ಹೋದರೂ ನಾಲ್ಕೈದು ಜ್ವಾಲಾಮುಖಿಗಳು ಇದ್ದೇ ಇರುತ್ತವೆ. ಜೇಡಿಮಣ್ಣಿನ ಬೆಟ್ಟ, ಒಳಗೆ ಅಡಿಗೆ ಸೋಡಾ, ಮೇಲಿನಿಂದ ವಿನೆಗರ್, ಕೆಂಪು ನೊರೆ. ನೋಡಲು ಚೆಂದ. ಆದರೆ ನಿಜವಾದ ಜ್ವಾಲಾಮುಖಿಯೊಳಗೆ ಸೋಡಾವೂ ಇಲ್ಲ, ವಿನೆಗರೂ ಇಲ್ಲ. ಅಲ್ಲಿ ಕರಗಿದ ಶಿಲೆ ಮೇಲೆ ಬರುತ್ತ ಒತ್ತಡ ಕಡಿಮೆಯಾದಂತೆ ಅದರೊಳಗಿನ ಅನಿಲಗಳು ಗುಳ್ಳೆಗಳಾಗಿ ಹೊರಬೀಳುತ್ತವೆ. ನಮ್ಮ ಮೇಜಿನ ಮೇಲೆ ಆಗುವುದು ಆಮ್ಲ ಮತ್ತು ಸೋಡಾ ಸೇರಿ ಇಂಗಾಲದ ಡೈಆಕ್ಸೈಡ್ ಹೊರಡುವ ಕ್ರಿಯೆ. ಈ ವ್ಯತ್ಯಾಸ ಆ ಮಗುವಿಗೆ ಗೊತ್ತಿರುವುದಿಲ್ಲ. ಯಾಕೆಂದರೆ ಅದು ಏನನ್ನೂ ಕೇಳಲು ಹೊರಟಿರಲಿಲ್ಲ, ತೋರಿಸಲು ಮಾತ್ರ ಹೊರಟಿತ್ತು.

ಈಗಂತೂ ಸ್ಟೇಷನರಿ ಅಂಗಡಿಯಲ್ಲಿ ರೆಡಿಮೇಡ್ ಮಾದರಿಗಳು ಸಿಗುತ್ತವೆ. ಮೊಬೈಲಿನಲ್ಲಿ ಹುಡುಕಿದರೆ ವಿಡಿಯೋಗಳಿಗೆ ಲೆಕ್ಕವಿಲ್ಲ. ನೋಡುವುದು ತಪ್ಪಲ್ಲ. ಆದರೆ ನೋಡಿದ್ದನ್ನು ಹಾಗೆಯೇ ಇಳಿಸುವುದು ಕಾಪಿ ಹೊಡೆದಂತೆ. ಪರೀಕ್ಷೆಯಲ್ಲಿ ಕಾಪಿ ಹೊಡೆದರೆ ನಾವು ಹೊರಗೆ ಕಳಿಸುತ್ತೇವೆ, ಮೇಳದಲ್ಲಿ ಹೊಡೆದರೆ ಕಪ್ಪು ಕೊಡುತ್ತೇವೆ!

ಹಾಗಾದರೆ ಪ್ರಾಜೆಕ್ಟ್ ಎಂದರೆ ಏನು? ನನ್ನ ಲೆಕ್ಕದಲ್ಲಿ ಇಷ್ಟೇ: ಮಗುವಿಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ, ಮತ್ತು ಆ ಮಗು ತಾನೇ ಕೈಯಾರೆ ಹುಡುಕಿಕೊಂಡ ಉತ್ತರ. ಮಿಕ್ಕಿದ್ದೆಲ್ಲ ಅಲಂಕಾರ.

ಅಜ್ಜಿ ಕೊಟ್ಟ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಏಳನೇ ತರಗತಿಯ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. “ಸಾರ್, ನನಗೆ ಯಾವ ಪ್ರಾಜೆಕ್ಟೂ ಹೊಳೀತಿಲ್ಲ” ಎಂದಳು. “ಮನೆಯಲ್ಲಿ ಈ ವಾರ ಏನು ಜಗಳ ಆಯಿತು ಹೇಳು” ಎಂದೆ. ನಕ್ಕಳು. ಆಮೇಲೆ ಹೇಳಿದಳು: “ಬೇಳೆ ಬೇಯಲಿಲ್ಲ ಅಂತ ಅಜ್ಜಿ ಅಮ್ಮನ ಮೇಲೆ ರೇಗಿದರು. ಬೋರ್‌ವೆಲ್ ನೀರು ಹಾಕಿದರೆ ಬೇಳೆ ಎಲ್ಲಿ ಬೇಯತ್ತೆ, ಮಳೆನೀರು ಹಿಡಿದಿಟ್ಟಿರೋದು ಯಾತಕ್ಕೆ ಅಂದರು.”

ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. 1998ರ ಮೇಷ್ಟ್ರಾಗಿದ್ದರೆ ಅಲ್ಲೇ ಹತ್ತು ನಿಮಿಷ ಪಾಠ ಮಾಡಿ, ಚಾರ್ಟ್ ಬರೆಸಿ ಕಳಿಸುತ್ತಿದ್ದೆ. ಈ ಸಲ ಬಾಯಿ ಮುಚ್ಚಿಕೊಂಡೆ. “ಅಜ್ಜಿ ಹೇಳಿದ್ದು ನಿಜವೋ ಸುಳ್ಳೋ, ನೀನೇ ನೋಡಿ ಬಾ” ಎಂದೆ.

ಇಲ್ಲಿಂದ ಮುಂದೆ ಅವಳು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಪ್ರಾಜೆಕ್ಟಿನ ವ್ಯಾಕರಣವೆಲ್ಲ ಇದರಲ್ಲಿದೆ.

ಮೊದಲನೆಯದು, ಪ್ರಶ್ನೆಯನ್ನು ಚಿಕ್ಕದು ಮಾಡುವುದು. “ನೀರು ಮತ್ತು ಅಡುಗೆ” ಎಂಬುದು ಪ್ರಶ್ನೆಯಲ್ಲ, ಪ್ರಬಂಧದ ತಲೆಬರಹ. ಅವಳ ಪ್ರಶ್ನೆ ಕೊನೆಗೆ ಹೀಗೆ ನಿಂತಿತು: “ಮಳೆನೀರು, ನಮ್ಮ ಬೀದಿಯ ಬೋರ್‌ವೆಲ್ ನೀರು, ಕುದಿಸಿ ಆರಿಸಿ ಮೇಲಿನದನ್ನು ಮಾತ್ರ ಬಸಿದುಕೊಂಡ ಬೋರ್‌ವೆಲ್ ನೀರು, ಈ ಮೂರರಲ್ಲಿ ತೊಗರಿಬೇಳೆ ಬೇಯಲು ಎಷ್ಟೆಷ್ಟು ನಿಮಿಷ ಬೇಕು?” ಇದಕ್ಕೆ ಗಡಿಯಾರ ಉತ್ತರ ಹೇಳಬಲ್ಲದು. ಗಡಿಯಾರವೋ ತಕ್ಕಡಿಯೋ ಅಳತೆಪಟ್ಟಿಯೋ ಉತ್ತರಿಸಬಲ್ಲ ಪ್ರಶ್ನೆಯೇ ಒಳ್ಳೆಯ ಪ್ರಶ್ನೆ.

ಪ್ರಯೋಗಕ್ಕೆ ಮೊದಲೇ ತನ್ನ ಊಹೆಯನ್ನು ಬರೆದಿಡಲು ಹೇಳಿದೆ. “ಅಜ್ಜಿ ಹೇಳಿದ್ದು ಸರಿ ಇರಬಹುದು, ಮಳೆನೀರಿನಲ್ಲೇ ಬೇಗ ಬೇಯಬಹುದು” ಎಂದು ತಾರೀಖು ಹಾಕಿ ಬರೆದಳು. ಊಹೆ ತಪ್ಪಾದರೆ ಅಂಕ ಕಳೆಯುವುದಿಲ್ಲ. ಫಲಿತಾಂಶ ನೋಡಿದ ಮೇಲೆ ಊಹೆ ಬರೆಯುವುದು ಮಾತ್ರ ಮೋಸ.

ಎರಡನೆಯದು, ‘ಬೆಂದಿದೆ’ ಎಂದರೇನು? ಅಮ್ಮನಿಗೆ ಬೆಂದಿದ್ದು ಅಜ್ಜಿಗೆ ಬೆಂದಿರುವುದಿಲ್ಲ. ಇದೇ ಅವಳನ್ನು ನಾಲ್ಕು ದಿನ ಕಾಡಿತು. ಕೊನೆಗೆ ತಾನೇ ಒಂದು ಉಪಾಯ ಹೂಡಿದಳು. ಐದೈದು ನಿಮಿಷಕ್ಕೊಮ್ಮೆ ಹತ್ತು ಬೇಳೆ ಹೊರತೆಗೆದು ಸ್ಟೀಲ್ ತಟ್ಟೆಯ ಮೇಲೆ ಹರಡುವುದು, ಇನ್ನೊಂದು ತಟ್ಟೆ ಮುಚ್ಚಿ ಅದರ ಮೇಲೆ ಒಂದು ಕಿಲೋ ಉಪ್ಪಿನ ಪೊಟ್ಟಣ ಹೇರುವುದು, ಹತ್ತು ಎಣಿಸಿ ತೆಗೆಯುವುದು. ಹತ್ತರಲ್ಲಿ ಎಂಟು ನುಣ್ಣಗಾಗಿದ್ದರೆ ‘ಬೆಂದಿದೆ’. ಎಷ್ಟೋ ಪದವೀಧರರಿಗೆ ಹೊಳೆಯದ ಉಪಾಯ ಇದು. ಬಾಯಿಮಾತಿನ ಸಂಗತಿಯನ್ನು ಅವಳು ಅಳತೆಗೆ ತಂದಳು.

ಮೂರನೆಯದು, ಒಂದನ್ನು ಮಾತ್ರ ಬದಲಿಸುವುದು. ಬದಲಾಗಬೇಕಾದದ್ದು ನೀರು ಒಂದೇ. ಬೇಳೆ ಒಂದೇ ಪೊಟ್ಟಣದ್ದು, ಪ್ರತಿ ಸಲ 50 ಗ್ರಾಂ. ನೀರು ಅರ್ಧ ಲೀಟರ್. ಪಾತ್ರೆ ಅದೇ, ಮುಚ್ಚಳ ಅದೇ, ಒಲೆ ಅದೇ, ಉರಿ ಅಷ್ಟೇ. ಹೀಗಿಲ್ಲದಿದ್ದರೆ ವ್ಯತ್ಯಾಸ ಬಂದದ್ದು ನೀರಿನಿಂದಲೋ ಉರಿಯಿಂದಲೋ ಯಾರಿಗೆ ಗೊತ್ತು? ಕುಕ್ಕರ್ ಬೇಡವೆಂದೆ. ಅದರೊಳಗೆ ಏನಾಗುತ್ತಿದೆಯೆಂದು ನೋಡಲಾಗುವುದಿಲ್ಲ, ನಡುವೆ ತೆರೆಯುವುದೂ ಅಪಾಯ. ತೆರೆದ ಪಾತ್ರೆಯಾದರೂ ಒಲೆಯ ಮುಂದೆ ಅಮ್ಮ ಇರಲೇಬೇಕೆಂದು ಷರತ್ತು ಹಾಕಿದೆ.

ನಾಲ್ಕನೆಯದು, ಒಂದು ಸಲ ನೋಡಿ ನಂಬದಿರುವುದು. ಒಂದೊಂದು ನೀರಿನಲ್ಲೂ ಮೂರು ಮೂರು ಸಲ. ಅಂದರೆ ಒಂಬತ್ತು ದಿನ ಮನೆಯಲ್ಲಿ ಬೇಳೆ ಸಾರು! ಅವರಪ್ಪ ದಾರಿಯಲ್ಲಿ ಸಿಕ್ಕಾಗ, “ಏನು ಸಾರ್, ಹುಳಿ ಸಾರು ತಿಂದೂ ತಿಂದೂ ಸಾಕಾಯಿತು” ಎಂದು ನಗುತ್ತಲೇ ದೂರಿದರು.

ಹೊಡೆದು ಹಾಕದ ಅಂಕಿ

ಏಳನೆಯ ದಿನ ಅವಳು ಮುಖ ಸಪ್ಪೆ ಮಾಡಿಕೊಂಡು ಬಂದಳು. ಅವತ್ತು ಬೋರ್‌ವೆಲ್ ನೀರಿನಲ್ಲೇ ಬೇಳೆ ಬಹಳ ಬೇಗ ಬೆಂದುಬಿಟ್ಟಿತ್ತು. “ಸಾರ್, ಇದು ತಪ್ಪು ಬಂದಿದೆ. ಹೊಡೆದು ಹಾಕಲಾ?”

“ಬೇಡ. ಬಂದದ್ದನ್ನು ಬಂದ ಹಾಗೇ ಬರಿ. ಅವತ್ತು ಬೇರೆ ಏನು ನಡೀತು, ಯೋಚನೆ ಮಾಡು” ಎಂದೆ.

ಮರುದಿನ ಓಡಿಬಂದಳು. ಆ ದಿನ ಬೇಳೆ ತೊಳೆದು ನೀರು ಹಾಕಿಟ್ಟ ಮೇಲೆ ಗ್ಯಾಸ್ ಮುಗಿದಿತ್ತು. ಹೊಸ ಸಿಲಿಂಡರ್ ಬರುವವರೆಗೆ ಬೇಳೆ ಎರಡು ಗಂಟೆ ನೆನೆದಿತ್ತು. ಅವಳಿಗೆ ಗೊತ್ತಿಲ್ಲದೆ ಎರಡನೆಯ ಸಂಗತಿಯೂ ಬದಲಾಗಿತ್ತು. ಆ ‘ತಪ್ಪು’ ಅಂಕಿ ಒಂದು ಹೊಸ ಪ್ರಶ್ನೆಯನ್ನೇ ಕೊಟ್ಟಿತು: ನೆನೆಸಿಟ್ಟರೆ ಬೋರ್‌ವೆಲ್ ನೀರಿನ ದೋಷ ಎಷ್ಟು ಕಡಿಮೆಯಾಗುತ್ತದೆ? ಹೊಡೆದು ಹಾಕಿದ್ದರೆ ಅದೂ ಹೋಗುತ್ತಿತ್ತು.

ಅದಕ್ಕೇ ಹೇಳುತ್ತೇನೆ, ಪ್ರಾಜೆಕ್ಟಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಚಾರ್ಟ್ ಅಲ್ಲ, ನೋಟ್‌ಬುಕ್ಕು. ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ಕು ಸಾಕು. ದಿನಸಿ ಅಂಗಡಿಯವರು ಲೆಕ್ಕ ಬರೆಯುವ ಹಾಗೆ, ಆದ ತಕ್ಷಣ, ಆದ ಹಾಗೆ, ತಾರೀಖು ಸಮೇತ ಬರೆಯಬೇಕು. ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ಹಳೆಯದು ಓದಲು ಬರುವಂತಿರಲಿ. ಸಾರಿನ ಕಲೆ ಬಿದ್ದ ನೋಟ್‌ಬುಕ್ಕನ್ನು ಕಂಡರೆ ನನಗಂತೂ ನಂಬಿಕೆ ಹೆಚ್ಚು.

ಅವಳ ಅಂಕಿಗಳನ್ನು ನಾನಿಲ್ಲಿ ಕೊಡುವುದಿಲ್ಲ. ಕೊಟ್ಟರೆ ಮುಂದಿನ ತಿಂಗಳು ಹತ್ತು ಶಾಲೆಗಳ ಚಾರ್ಟಿನಲ್ಲಿ ಅವೇ ಅಂಕಿಗಳು ಕಾಣಿಸಿಕೊಳ್ಳುತ್ತವೆ! ಮಳೆನೀರಿನಲ್ಲಿ ಮೊದಲು ಬೆಂದಿತು, ಬೋರ್‌ವೆಲ್ ನೀರಿನಲ್ಲಿ ಎಲ್ಲಕ್ಕಿಂತ ತಡವಾಯಿತು, ಕುದಿಸಿ ಬಸಿದ ನೀರು ನಡುವೆ ನಿಂತಿತು ಎಂದಷ್ಟೇ ಹೇಳುತ್ತೇನೆ. ನಿಮ್ಮ ಊರಿನ ನೀರಿನಲ್ಲಿ ಏನಾಗುತ್ತದೋ, ನೀವೇ ನೋಡಿ.

ಇಷ್ಟಾದ ಮೇಲೆ ಕಾರಣ

ಅಳತೆ ಮುಗಿದ ಮೇಲೆಯೇ ನಾನು ಪಾಠ ಮಾಡಿದ್ದು. ನೆಲದೊಳಗಿನ ನೀರು ಕಲ್ಲು ಮಣ್ಣುಗಳ ನಡುವೆ ಹಾದು ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಅದು ಗಡಸು ನೀರು. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಗೋಂದಿನಂಥ ವಸ್ತು. ಮೆದು ನೀರಿನಲ್ಲಿ ಬೇಯಿಸಿದರೆ ಅದು ಕರಗಿ ಕೋಶಗಳು ಬಿಡಿಬಿಡಿಯಾಗುತ್ತವೆ, ಬೇಳೆ ನುಣ್ಣಗಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಪೆಕ್ಟಿನ್ನಿನ ಎಳೆಗಳನ್ನು ಕಟ್ಟಿಹಾಕಿ ಬಿಗಿಮಾಡುತ್ತದೆ. ಅದಕ್ಕೇ ಬೇಳೆ ಹಟ ಹಿಡಿಯುತ್ತದೆ. ನೀರನ್ನು ಕುದಿಸಿದಾಗ ಬೈಕಾರ್ಬನೇಟ್ ರೂಪದಲ್ಲಿದ್ದ ಕ್ಯಾಲ್ಸಿಯಂ ಕಾರ್ಬನೇಟಾಗಿ ತಳಕ್ಕೆ ಇಳಿಯುತ್ತದೆ. ಬಚ್ಚಲಮನೆಯ ಹಂಡೆಯಲ್ಲಿ ಕಾಣುವ ಬಿಳಿ ಹಕ್ಕಳೆ ಬಹುಮಟ್ಟಿಗೆ ಅದೇ. ಸಲ್ಫೇಟ್, ಕ್ಲೋರೈಡ್ ರೂಪದಲ್ಲಿದ್ದದ್ದು ಕುದಿಸಿದರೂ ಹೋಗುವುದಿಲ್ಲ. ಕುದಿಸಿದ ನೀರು ನಡುವೆ ನಿಂತದ್ದಕ್ಕೆ ಇದು ಕಾರಣವಿರಬಹುದು.

ನೀರು ನಿಜವಾಗಿಯೂ ಗಡಸೇ ಎಂದು ಅವಳು ಇನ್ನೊಂದು ಪರೀಕ್ಷೆ ಮಾಡಿದಳು. ಒಂದೇ ಅಳತೆಯ ಮೂರು ಬಾಟಲಿ, ಮೂರರಲ್ಲೂ ಸಮನಾಗಿ ಬೇರೆಬೇರೆ ನೀರು, ಬಟ್ಟೆ ಒಗೆಯುವ ಬಾರ್ ಸಾಬೂನನ್ನು ತುರಿದು ಕರಗಿಸಿದ ದ್ರಾವಣ. ಅದನ್ನು ಹನಿಹನಿಯಾಗಿ ಹಾಕಿ ಕುಲುಕಬೇಕು. ಎರಡು ನಿಮಿಷ ನಿಲ್ಲುವಂಥ ನೊರೆ ಬರಲು ಎಷ್ಟು ಹನಿ ಬೇಕಾಯಿತೆಂದು ಎಣಿಸಬೇಕು. ಗಡಸು ನೀರಿಗೆ ಹೆಚ್ಚು ಹನಿ ಬೇಕು. ಇದಕ್ಕೆ ಡಿಟರ್ಜೆಂಟ್ ಪುಡಿ ಬಳಸಬೇಡಿ. ಅದು ಗಡಸು ನೀರಿನಲ್ಲೂ ನೊರೆ ಕೊಟ್ಟು ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಮೇಜಿನ ಮುಂದೆ

ಮೇಳದ ದಿನ ಅವಳ ಮೇಜಿನ ಮೇಲೆ ಮಿಣಮಿಣ ದೀಪವಿರಲಿಲ್ಲ. ಮೂರು ಬಾಟಲಿ ನೀರು, ಎರಡು ತಟ್ಟೆ, ಒಂದು ಉಪ್ಪಿನ ಪೊಟ್ಟಣ, ಕಲೆಯಾದ ನೋಟ್‌ಬುಕ್ಕು, ಅವಳದೇ ಅಕ್ಷರದ ಒಂದು ಚಾರ್ಟು. ಚಾರ್ಟಿನಲ್ಲಿ ಪ್ರಶ್ನೆ, ಊಹೆ, ಮಾಡಿದ ಕ್ರಮ, ಕಂಡದ್ದು, ತಿಳಿದದ್ದು, ತಿಳಿಯದೆ ಉಳಿದದ್ದು ಎಂದು ಆರು ತಲೆಬರಹ. ಈ ಆರನೆಯದನ್ನು ಯಾರೂ ಬರೆಯುವುದಿಲ್ಲ. ನೀವು ಬರೆಯಿರಿ.

ತೀರ್ಪುಗಾರರು ಕೇಳಿದರು: “ಹಾಗಾದರೆ ಎಲ್ಲ ಊರಿನ ಬೋರ್‌ವೆಲ್ ನೀರಿನಲ್ಲೂ ಬೇಳೆ ತಡವಾಗಿ ಬೇಯುತ್ತದೆ ಅನ್ನು.”

“ಗೊತ್ತಿಲ್ಲ ಸಾರ್. ನಾನು ನಮ್ಮ ಬೀದಿಯದು ಮಾತ್ರ ನೋಡಿದ್ದೀನಿ” ಎಂದಳು.

ದೂರದಲ್ಲಿ ನಿಂತಿದ್ದ ನನಗೆ ಆ ಉರಿಯುವ ಬಲ್ಬು ನೆನಪಾಯಿತು. ಅವಳು ನನ್ನ ಮುಖ ನೋಡಿ ಉತ್ತರ ಹೇಳಲಿಲ್ಲ. ತನ್ನ ನೋಟ್‌ಬುಕ್ಕು ನೋಡಿ ಹೇಳಿದಳು.

ಅವಳಿಗೆ ಬಹುಮಾನ ಬಂತೇ? ಇಲ್ಲ. ರಿಮೋಟಿನಿಂದ ಓಡುವ ಒಂದು ಯಂತ್ರಕ್ಕೆ ಬಂತು. ಅವಳು ಸಂಜೆ ಸ್ವಲ್ಪ ಅತ್ತಳು ಕೂಡ. ಆದರೆ ಅವಳ ಮೇಜಿನ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವರು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. “ಹಂಗಾದ್ರೆ ನೀರು ಮೊದಲೇ ಕುದಿಸಿಟ್ಕಬೇಕಾ ಮಗಾ?” ಎಂದು ಕೇಳಿದರು. “ಅದಕ್ಕೆ ಗ್ಯಾಸ್ ಜಾಸ್ತಿ ಆಗತ್ತೆ ಅಕ್ಕಾ. ಬೇಳೆ ಮೊದಲೇ ನೆನೆಸಿಡಿ, ಸಾಕು” ಎಂದಳು. ಮಾರನೆಯ ಸೋಮವಾರದಿಂದ ನಮ್ಮ ಶಾಲೆಯ ಅಡುಗೆಮನೆಯಲ್ಲಿ ಬೆಳಿಗ್ಗೆ ಬಂದ ತಕ್ಷಣ ಮೊದಲು ಆಗುವ ಕೆಲಸ ಬೇಳೆ ನೆನೆಸುವುದು. ಈಗಲೂ ಹಾಗೇ ನಡೆದಿದೆ.

ನಿಮ್ಮ ಮನೆಯಲ್ಲೇ ಇರುವ ಪ್ರಶ್ನೆಗಳು

ಕೆಲವನ್ನು ಸುಮ್ಮನೆ ಎತ್ತಿಕೊಡುತ್ತೇನೆ, ಉತ್ತರ ಕೊಡುವುದಿಲ್ಲ. ಹೊಸ ಮಡಕೆಯ ನೀರು ತಂಪೋ, ಮೂರು ವರ್ಷ ಹಳೆಯ ಮಡಕೆಯದೋ? ಒದ್ದೆ ಬಟ್ಟೆ ಗಾಳಿಯಿರುವ ನೆರಳಿನಲ್ಲಿ ಬೇಗ ಒಣಗುತ್ತದೋ, ಗಾಳಿಯಿಲ್ಲದ ಬಿಸಿಲಿನಲ್ಲೋ? ದೋಸೆ ಹಿಟ್ಟು ಉಪ್ಪು ಹಾಕಿಟ್ಟರೆ ಹೆಚ್ಚು ಉಬ್ಬುತ್ತದೋ, ಹಾಕದಿದ್ದರೋ? ಸುಣ್ಣ ಬಳಿದ ತಗಡಿನ ಕೆಳಗೂ ಬಳಿಯದ ತಗಡಿನ ಕೆಳಗೂ ಮಧ್ಯಾಹ್ನ ಎಷ್ಟು ಡಿಗ್ರಿ ವ್ಯತ್ಯಾಸ? ಹೆಸರುಕಾಳು ಕತ್ತಲೆಯಲ್ಲಿ ಮೊಳೆತರೆ ಉದ್ದ ಹೆಚ್ಚೋ, ಬೆಳಕಿನಲ್ಲೋ? ಯಾವುದಕ್ಕೂ ಇನ್ನೂರು ರೂಪಾಯಿಗಿಂತ ಹೆಚ್ಚು ಬೇಕಾಗದು.

ಇಂಥ ಸ್ಥಳೀಯ ಪ್ರಶ್ನೆಗಳಿಗೆ ದೊಡ್ಡ ವೇದಿಕೆಯೂ ಉಂಟು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಉದ್ದೇಶವೇ ಮಕ್ಕಳು ತಮ್ಮ ಸುತ್ತಲಿನ ಸಮಸ್ಯೆಯನ್ನು ತಾವೇ ಅಧ್ಯಯನ ಮಾಡಲಿ ಎಂಬುದು.

ಸಮಯದ ಲೆಕ್ಕ ಹೀಗಿರಲಿ: ಮೊದಲ ವಾರ ಪ್ರಶ್ನೆ ಹುಡುಕಲು, ಎರಡನೆಯ ವಾರ ಒಂದು ಸಲ ಮಾಡಿ ನೋಡಿ ಎಡವಲು, ಮೂರನೆಯ ಮತ್ತು ನಾಲ್ಕನೆಯ ವಾರ ಸರಿಯಾಗಿ ಮೂರು ಮೂರು ಸಲ ಮಾಡಲು, ಐದನೆಯ ವಾರ ಚಾರ್ಟಿಗೆ. ಮೇಳದ ಹಿಂದಿನ ರಾತ್ರಿ ಮಗು ನಿದ್ದೆ ಮಾಡಬೇಕು. ಹಿಂದಿನ ರಾತ್ರಿ ಹತ್ತು ಗಂಟೆಗೇ ಸೆಲ್ಲುಗಳ ಯೋಚನೆ ಬರುವುದು!

ಇನ್ನೊಂದು ಎಚ್ಚರಿಕೆ. ಗೋಡೆಯ ಪ್ಲಗ್ಗಿನ ಕರೆಂಟು, ಶೌಚಾಲಯ ತೊಳೆಯುವ ಆಸಿಡ್, ಸೀಮೆಎಣ್ಣೆ, ಪಾದರಸ ಇವು ಯಾವುವೂ ಈ ವಯಸ್ಸಿನ ಪ್ರಾಜೆಕ್ಟಿಗೆ ಬೇಡ.

ತಂದೆ ತಾಯಿಯರಿಗೆ

ನಿಮ್ಮ ಕೆಲಸ ಮೂರು. ಬೇಕಾದ್ದನ್ನು ತಂದುಕೊಡುವುದು, ಬೆಂಕಿ ಚಾಕುಗಳ ಹತ್ತಿರ ಕಾವಲಿರುವುದು, ಮತ್ತೆ ಕೇಳುವುದು. “ಯಾಕೆ ಹಾಗೆ ಅಂತೀಯ? ಹೇಗೆ ಗೊತ್ತಾಯಿತು?” ಎಂದು ಊಟದ ಹೊತ್ತಿನಲ್ಲಿ ಕೇಳಿ ಸಾಕು. ಮಗುವಿನ ಅಕ್ಷರ ಸೊಟ್ಟಗಿದ್ದರೆ ಸೊಟ್ಟಗೇ ಇರಲಿ. ಚಾರ್ಟ್ ನೀವು ಬರೆದುಕೊಟ್ಟರೆ, ‘ನಿನ್ನಿಂದ ಇದಾಗದು’ ಎಂದು ಮಗುವಿಗೆ ಹೇಳಿದಂತೆ.

ನಮ್ಮಂಥ ಮೇಷ್ಟ್ರುಗಳಿಗೂ ಒಂದು ಮಾತಿದೆ. 1963ರಲ್ಲಿ, ಇಂದಿನ ತಾಂಜಾನಿಯಾದ ಒಂದು ಶಾಲೆಯಲ್ಲಿ ಎರಾಸ್ಟೊ ಎಂಪೆಂಬಾ ಎಂಬ ಹುಡುಗ ಐಸ್‌ಕ್ರೀಮ್ ಮಾಡುವಾಗ ಅವಸರಕ್ಕೆ ಬಿಸಿ ಹಾಲನ್ನೇ ಫ್ರೀಜರಿನಲ್ಲಿಟ್ಟ. ಕಾಯಿಸದೆ ಇಟ್ಟವನ ಹಾಲಿಗಿಂತ ಅವನದೇ ಮೊದಲು ಹೆಪ್ಪುಗಟ್ಟಿತ್ತು. ಯಾಕೆಂದು ಕೇಳಿದರೆ ಮೇಷ್ಟ್ರು, ನಿನಗೇನೋ ಗೊಂದಲವಾಗಿದೆ ಎಂದರು. ಸಹಪಾಠಿಗಳು ಆಡಿಕೊಂಡು ನಕ್ಕರು. ಮುಂದೆ ಶಾಲೆಗೆ ಬಂದ ಡೆನಿಸ್ ಆಸ್‌ಬೋರ್ನ್ ಎಂಬ ಭೌತವಿಜ್ಞಾನದ ಪ್ರಾಧ್ಯಾಪಕರಿಗೂ ಅವನು ಅದೇ ಪ್ರಶ್ನೆ ಹಾಕಿದ. ಅವರು ನಗಲಿಲ್ಲ, ಪ್ರಯೋಗ ಮಾಡಿಸಿ ನೋಡಿದರು. 1969ರಲ್ಲಿ ಇಬ್ಬರ ಹೆಸರಿನಲ್ಲೂ ಲೇಖನ ಪ್ರಕಟವಾಯಿತು. ಹಾಗಾಗುವುದು ನಿಜವೇ, ನಿಜವಾದರೆ ಯಾಕೆ ಎಂದು ವಿಜ್ಞಾನಿಗಳು ಇಂದಿಗೂ ವಾದಿಸುತ್ತಿದ್ದಾರೆ. ಒಬ್ಬ ಶಾಲಾ ಹುಡುಗನ ಪ್ರಶ್ನೆ ಅರವತ್ತು ವರ್ಷ ದಾಟಿದರೂ ಮುಗಿದಿಲ್ಲ!

ಇನ್ನು ಮೊನ್ನೆ ಭಾನುವಾರ ಬಂದ ಹುಡುಗನ ವಿಷಯ. ಅವರಪ್ಪ ಉತ್ತರಕ್ಕೆ ಕಾಯುತ್ತಿದ್ದರು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ, “ಏನೋ ಮಾಡ್ತಿದ್ದೀಯ?” ಎಂದೆ. ಬೈಯುತ್ತಾರೆಂದು ಬೆದರಿ ಗಾಜನ್ನು ತೋಳಿನಿಂದ ಒರೆಸಿದ.

“ಒರೆಸಬೇಡ ಕಣೋ, ಹೇಳು.”

“ಸಾರ್, ನಮ್ಮನೆ ಕಿಟಕೀಲಿ ಬೆಳಿಗ್ಗೆ ಉಸಿರು ಬಿಟ್ಟರೆ ಮಂಜು ಬರತ್ತೆ. ಮಧ್ಯಾಹ್ನ ಬರಲ್ಲ. ಬಾಯಿ ಅದೇ, ಗಾಜೂ ಅದೇ. ಯಾಕೆ ಸಾರ್?”

ನಾನು ಅವರಪ್ಪನ ಕಡೆ ತಿರುಗಿದೆ. “ಪ್ರಾಜೆಕ್ಟ್ ಸಿಕ್ಕಿತು. ಒಂದು ಥರ್ಮಾಮೀಟರು, ಒಂದು ನೋಟ್‌ಬುಕ್ಕು ಕೊಡಿಸಿ. ನೀವಿನ್ನು ಕಾಫಿ ಕುಡೀರಿ, ಆರಿ ಹೋಗ್ತಿದೆ” ಎಂದೆ.